ಅರ್ಧ ಒತ್ತಿದ ಬೆರಳು

ಇವತ್ತು ಬೆಳಿಗ್ಗೆ ಕ್ಯಾಮೆರಾ ‘ಗರ್ರ್’ ಎಂದಿತು. ಆದದ್ದು ಅಷ್ಟೇ. ಟೆರೇಸಿನಲ್ಲಿ ಒಣಹಾಕಿದ್ದ ಸೀರೆಗಳ ನಡುವೆ ನಿಂತು, ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತಿದ್ದ ಎರಡು ಪಾರಿವಾಳಗಳ ಕಡೆಗೆ ಅದನ್ನು ಹಿಡಿದು ಗುಂಡಿಯನ್ನು ಅರ್ಧ ಒತ್ತಿದ್ದೆ. ಲೆನ್ಸು ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಕೊನೆಗೆ ಎರಡು ಹಕ್ಕಿಗಳ ನಡುವಿನ ಸಂದಿಯಲ್ಲಿ ತೂರಿ, ದೂರದ ಅಪಾರ್ಟ್‌ಮೆಂಟಿನ ಗೋಡೆಯನ್ನು ಹಿಡಿದುಕೊಂಡು ‘ಪೀಂ’ ಎಂದು ತೃಪ್ತಿಯಿಂದ ಕೂಗಿತು. ಇಪ್ಪತ್ತೇಳು ವರ್ಷದ ಹಿಂದೆಯೂ ಅದು ಹೀಗೇ ಮಾಡಿತ್ತು. ಆಗ ಆ ಸದ್ದು ಕೇಳಿಸಿಕೊಂಡು ಸುಮ್ಮನೆ ನಿಂತಿದ್ದವನು ನಾನು.

ಇದು ಫಿಲ್ಮ್ ಹಾಕುವ ಕ್ಯಾಮೆರಾ. ಹಾಗೆಂದ ಕೂಡಲೇ ನೀವು ಚರ್ಮದ ಚೀಲ, ಹಿತ್ತಾಳೆ, ಅಜ್ಜನ ಗತ್ತು ಎಂದೆಲ್ಲ ಊಹಿಸಿಕೊಳ್ಳಬೇಡಿ. ಅಷ್ಟು ಹಳೆಯದಲ್ಲ, ಹೊಸದಂತೂ ಅಲ್ಲ. ಕಪ್ಪು ಪ್ಲಾಸ್ಟಿಕ್ಕಿನ ಮೈ, ತಾನೇ ಫೋಕಸ್ ಮಾಡಿಕೊಳ್ಳುವ ಮೋಟಾರು, ಬದಲಾಯಿಸಿ ಹಾಕಲು ಎರಡು ಲೆನ್ಸು: ಒಂದು ಐವತ್ತು ಎಂ.ಎಂ.ನದು, ಇನ್ನೊಂದು ಜೂಮ್. ಹಿಂಭಾಗದ ರಬ್ಬರು ಕರಗಿ ಬೆಲ್ಲದ ಪಾಕದ ಹಾಗೆ ಅಂಟುತ್ತದೆ. ಜೂಮ್ ಲೆನ್ಸಿನ ಒಳಗೆ ಬೂಷ್ಟು ಹಿಡಿದಿರುವುದರಿಂದ ತೇವ ಹೀರಲೆಂದು ಎರಡನ್ನೂ ಅಕ್ಕಿ ಡಬ್ಬದಲ್ಲಿ ಇಡುತ್ತೇನೆ. ಅದಕ್ಕೆ ಪದ್ಮಾಳಿಂದ, ಅಂದರೆ ನನ್ನ ಹೆಂಡತಿಯಿಂದ, ವಾರಕ್ಕೊಮ್ಮೆ ಬೈಸಿಕೊಳ್ಳುತ್ತೇನೆ. ಬ್ಯಾಟರಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಫಿಲ್ಮ್ ಕೊರಿಯರಿನಲ್ಲಿ ಬರುತ್ತದೆ, ತೊಳೆಸಲು ಕೊರಿಯರಿನಲ್ಲೇ ಹೋಗುತ್ತದೆ, ಫೋಟೋಗಳು ಮಾತ್ರ ಫೋನಿಗೆ ಬಂದು ಬೀಳುತ್ತವೆ. ಭಾನುವಾರ ಹೆಬ್ಬಾಳ ಕೆರೆಯ ಹತ್ತಿರ ಇದನ್ನು ಕೊರಳಿಗೆ ಹಾಕಿಕೊಂಡು ಹೋದರೆ, ಇಂಥದ್ದೇ ಕ್ಯಾಮೆರಾ ಹಿಡಿದ ಎಳೆಯರು ಸುತ್ತ ಸೇರುತ್ತಾರೆ. “ಅಂಕಲ್, ಇದಿನ್ನೂ ವರ್ಕ್ ಆಗುತ್ತಾ?” ಎಂದು ಒಬ್ಬ ಕೇಳಿದ. “ಇದು ಆಗುತ್ತಪ್ಪಾ, ಅಂಕಲ್‌ದೇ ಆಗ್ತಿಲ್ಲ” ಎಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ.

ನನಗೆ ಶುಗರ್ ಇದೆ. ಅದು ಕಣ್ಣಿನ ಹಿಂಭಾಗಕ್ಕೆ ಇಳಿದಿದೆ. ಅಂಚಿನಲ್ಲಿರುವುದೆಲ್ಲ ಚೆನ್ನಾಗಿ ಕಾಣುತ್ತದೆ, ನಡುವಿನದು ಅಳಿಸಿಹೋಗುತ್ತಿದೆ. ಎದುರಿಗೆ ನಿಂತವರ ಕಿವಿ, ಭುಜ, ಜಡೆ ಎಲ್ಲ ಇರುತ್ತವೆ. ಮುಖ ಇರಬೇಕಾದ ಜಾಗದಲ್ಲಿ ಎಣ್ಣೆ ಬಿದ್ದ ಕಾಗದ. ಕಣ್ಣಿನೊಳಕ್ಕೇ ಇಂಜೆಕ್ಷನ್ ಚುಚ್ಚುವ ಡಾಕ್ಟರಮ್ಮ, “ಇರೋದನ್ನ ಉಳಿಸ್ಕೊಳ್ಳೋಣ, ಹೋಗಿರೋದು ವಾಪಸ್ ಬರಲ್ಲ” ಎಂದು ನೇರವಾಗಿಯೇ ಹೇಳಿದ್ದಾರೆ. ನನಗೆ ನಡು ಕಾಣದು, ಈ ಕ್ಯಾಮೆರಾಗೆ ನಡು ಬಿಟ್ಟು ಬೇರೇನೂ ಕಾಣದು. ಡಿಜಿಟಲ್ ಕ್ಯಾಮೆರಾ ಮಾರಿ ಇದನ್ನು ಹೊರಗೆ ತೆಗೆದದ್ದು ಅದಕ್ಕೇ. ತೆಗೆದ ಫೋಟೋವನ್ನು ಪರದೆಯಲ್ಲಿ ನೋಡಲಾಗದವನಿಗೆ ಪರದೆ ಯಾಕೆ? ಆದರೆ ಇದನ್ನು ಹೊರಗೆ ತೆಗೆದ ಮೇಲೆ ಇದರ ಮೊದಲ ಒಡೆಯರಾದ ರಂಗಪ್ಪನವರೂ ನೆನಪಿನಿಂದ ಹೊರಗೆ ಬಂದರು. ಕಣ್ಣು ಪೂರ್ತಿ ಕೈಕೊಡುವ ಮುಂಚೆ ಅವರ ಮನೆಯವರ ಎದುರು ಕೂತು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಿತ್ತು. ಅದನ್ನು ವರ್ಷಗಳಿಂದ ಮುಂದೂಡುತ್ತಲೇ ಬಂದಿದ್ದೆ.

ರಂಗಪ್ಪನವರದು ಆರ್.ಟಿ. ನಗರದಲ್ಲಿ ಒಂದು ಸ್ಟುಡಿಯೋ. ಮೇಲೆ ಟೈಪಿಂಗ್ ಕ್ಲಾಸು, ಪಕ್ಕದಲ್ಲಿ ಬೇಕರಿ. ಹಾಗಾಗಿ ಅಲ್ಲಿ ಪಾಸ್‌ಪೋರ್ಟ್ ಫೋಟೋಗೆ ಕೂತವರ ಮುಖದಲ್ಲೆಲ್ಲ ಒಂದು ಬಗೆಯ ಹಸಿವು ಇರುತ್ತಿತ್ತು. ನಾನು ವಾರವಿಡೀ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ, ಮುಹೂರ್ತವಿದ್ದ ದಿನ ಅವರ ಜೊತೆ ಮದುವೆ ಫೋಟೋಗ್ರಾಫರ್. ನಮ್ಮ ನಡುವೆ ಕೆಲಸದ ಗಡಿ ಸ್ಪಷ್ಟವಾಗಿತ್ತು. ಸ್ಟೇಜು ಅವರದು, ಊಟದ ಹಾಲ್ ನನ್ನದು. ಧಾರೆ, ತಾಳಿ, ಸಪ್ತಪದಿ ಅವರ ಪಾಲು. ಹೋಳಿಗೆ ಬಾಯಿಗಿಡುವ ಹೊತ್ತಿಗೆ ಫ್ಲಾಷ್ ಬಿದ್ದು ಬೆಚ್ಚುವ ಬೀಗರು ನನ್ನ ಪಾಲು. ಎಂಟು ವರ್ಷ ನಾನು ಜನ ಅಗಿಯುವುದನ್ನು ಮಾತ್ರ ತೆಗೆದೆ. “ತಾಳ್ಮೆ ಇರ್ಲಿ ಕಣಯ್ಯಾ, ಸ್ಟೇಜು ಎಲ್ಲೂ ಓಡ್ಹೋಗಲ್ಲ” ಎನ್ನುತ್ತಿದ್ದರು. ನನಗೆ ಹೊಟ್ಟೆಕಿಚ್ಚಿತ್ತು. ಅದಕ್ಕೆ ಇನ್ನೊಂದು ಹೆಸರು ಕೊಡಲು ಬಹಳ ವರ್ಷ ಪ್ರಯತ್ನಪಟ್ಟಿದ್ದೇನೆ, ಸಿಕ್ಕಿಲ್ಲ.

ಐವತ್ತು ದಾಟಿದ ಮೇಲೆ ಅವರಿಗೆ ಚಾಳೀಸು ಬಂತು. ಮಂಟಪದ ಮಂದ ಬೆಳಕಿನಲ್ಲಿ ಹಳೆಯ ಕ್ಯಾಮೆರಾದ ಉಂಗುರ ತಿರುಗಿಸಿ ಫೋಕಸ್ ಕೂಡಿಸಲು ತಿಣುಕುತ್ತಿದ್ದರು. ಆಟೋಫೋಕಸ್ ತಗೊಳ್ಳಿ ಎಂದು ದುಂಬಾಲು ಬಿದ್ದವನು ನಾನೇ. ಕ್ಯಾಮೆರಾ ಬಂತು, ಪೆಟ್ಟಿಗೆ ಬಿಚ್ಚಿದ್ದಾಯಿತು, ಹೊಸ ಪ್ಲಾಸ್ಟಿಕ್ಕಿನ ವಾಸನೆಯನ್ನು ಇಬ್ಬರೂ ಮೂಸಿದ್ದಾಯಿತು. ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. “ನೀನು ಓದ್ಕೊಂಡು ಬಂದು ನನಗೆ ಹೇಳು” ಎಂದರು. ನಾನು ಮನೆಗೆ ಒಯ್ದು ಪೆನ್ಸಿಲ್ ಹಿಡಿದು ಮೊದಲಿನಿಂದ ಕೊನೆಯವರೆಗೂ ಓದಿದೆ.

ಆ ಪುಸ್ತಕದಲ್ಲಿದ್ದ ಮುಖ್ಯವಾದ ಮಾತು ಇಷ್ಟು. ಕ್ಯಾಮೆರಾ ನೋಡುವುದು ನಟ್ಟನಡುವಿನ ಒಂದು ಚುಕ್ಕೆಯನ್ನು ಮಾತ್ರ. ಇಬ್ಬರು ಅಕ್ಕಪಕ್ಕ ನಿಂತಿದ್ದರೆ ನಡುವೆ ಬರುವುದು ಅವರಿಬ್ಬರ ಸಂದಿ. ಆದ್ದರಿಂದ ಮೊದಲು ಒಬ್ಬರ ಮುಖಕ್ಕೆ ಚುಕ್ಕೆ ಇಟ್ಟು ಗುಂಡಿಯನ್ನು ಅರ್ಧ ಒತ್ತಬೇಕು. ಬೆರಳು ಎತ್ತದೆ ಹಾಗೇ ಕ್ಯಾಮೆರಾ ತಿರುಗಿಸಿ ಇಬ್ಬರನ್ನೂ ಕೂಡಿಸಿಕೊಂಡು ಪೂರ್ತಿ ಒತ್ತಬೇಕು. ಬೆರಳು ಎತ್ತಿದರೆ ಕೆಟ್ಟಿತು, ಅದು ಮತ್ತೆ ಹೊಸದಾಗಿ ಹುಡುಕುತ್ತದೆ. ಹಳೆಯ ಕ್ಯಾಮೆರಾದಲ್ಲಿ ಪಳಗಿದ ಕೈ ಖಂಡಿತ ಬೆರಳು ಎತ್ತುತ್ತದೆ ಎಂದು ನನಗೆ ಓದುವಾಗಲೇ ಹೊಳೆದಿತ್ತು. ಅಲ್ಲಿ ಉಂಗುರ ಒಮ್ಮೆ ತಿರುಗಿಸಿಟ್ಟರೆ ಅದು ಅಲ್ಲೇ ಇರುತ್ತದೆ. ಬೆರಳಿಗೆ ಕ್ಲಿಕ್ ಮಾಡುವುದು ಬಿಟ್ಟು ಬೇರೆ ಕೆಲಸವಿಲ್ಲ.

ಮರುದಿನ ಪುಸ್ತಕ ವಾಪಸ್ ಕೊಟ್ಟು, ಫ್ಲಾಷ್ ಹೇಗೆ, ಫಿಲ್ಮ್ ಹೇಗೆ, ಅರ್ಧ ಒತ್ತಿ ಫೋಕಸ್ ಮಾಡುವುದು ಹೇಗೆ, ಲೆನ್ಸು ಬದಲಾಯಿಸುವುದು ಹೇಗೆ ಎಲ್ಲ ಹೇಳಿಕೊಟ್ಟೆ. ಕೊನೆಗೆ ಅವರು ಕೇಳಿದರು: “ಇನ್ನೇನಾದ್ರೂ ಇದೆಯೇನಯ್ಯಾ ತಿಳ್ಕೊಳ್ಳೋದು?”

“ಏನಿಲ್ಲ ಸಾರ್. ಒತ್ತಿದ್ರೆ ಆಯ್ತು, ಅದೇ ನೋಡ್ಕೊಳ್ಳುತ್ತೆ.”

ಯಲಹಂಕದ ಛತ್ರವೊಂದರಲ್ಲಿ ಮದುವೆ. ಹೆಣ್ಣಿನ ಕಡೆಯವರು ಹೆಬ್ಬಾಳದ ಹಳೆಯ ಒಕ್ಕಲು ಮನೆತನದವರು, ತೋಟವಿದ್ದ ಜಾಗದಲ್ಲಿ ಈಗ ಅವರದೇ ಕಟ್ಟಡಗಳು. ಸ್ಟೇಜಿನ ಹಿಂದೆ ಕೆಂಪು ಬಟ್ಟೆ, ಅದರ ಮೇಲೆ ಜರಿಪುಡಿ ಮೆತ್ತಿದ ಥರ್ಮಾಕೋಲ್ ಅಕ್ಷರಗಳಲ್ಲಿ ಗಂಡು ಹೆಣ್ಣಿನ ಹೆಸರು. ನಾನು ಊಟದ ಹಾಲಿಗೆ ಹೋಗುವ ಮುಂಚೆ ಸ್ಟೇಜಿನ ಕೆಳಗೆ ನಿಂತೆ. ರಂಗಪ್ಪನವರು ಮದುಮಗಳ ಮುಖಕ್ಕೆ ಕ್ಯಾಮೆರಾ ಹಿಡಿದರು, ಗರ್ರ್. ಬೆರಳು ಎತ್ತಿದರು. ಜೋಡಿಯನ್ನು ಕೂಡಿಸಿಕೊಂಡು ಒತ್ತಿದರು. ಮತ್ತೆ ಗರ್ರ್, ಆಮೇಲೆ ಕ್ಲಿಕ್. ಪ್ರತಿಯೊಂದು ಫೋಟೋಗೂ ಆ ಸದ್ದು ಎರಡು ಸಲ ಬರುತ್ತಿತ್ತು. ಮೂರು ಮೆಟ್ಟಿಲು ಹತ್ತಿ ಕಿವಿಯಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಓಲಗ ಜೋರಾಗಿತ್ತು, ಜನ ಅಕ್ಷತೆ ಹಿಡಿದು ನೂಕುತ್ತಿದ್ದರು, ಇವೆಲ್ಲ ನೆಪ. ನಾನು ಲೆಕ್ಕ ಹಾಕುವವನಂತೆ ನಿಂತು ಕೇಳಿಸಿಕೊಂಡು, ಊಟದ ಹಾಲಿಗೆ ಹೋದೆ.

ಆಲ್ಬಮ್ ತಲುಪಿದ ಎರಡನೇ ದಿನ ಹುಡುಗಿಯ ತಂದೆ ಅದನ್ನು ಕಂಕುಳಲ್ಲಿಟ್ಟುಕೊಂಡು ಸ್ಟುಡಿಯೋಗೆ ಬಂದರು. ಗಾಜಿನ ಕೌಂಟರಿನ ಮೇಲೆ ಬಿಚ್ಚಿಟ್ಟರು. ಜರಿಪುಡಿಯ ಒಂದೊಂದು ಕಣವೂ ಎಣಿಸುವಷ್ಟು ಸ್ಪಷ್ಟ. ಮುಂದೆ ಇಬ್ಬರು, ಹೊಗೆಯೊಳಗಿದ್ದಂತೆ.

“ಏನ್ ಸ್ವಾಮಿ ಇಂಗ್ ಮಾಡ್ಬುಟ್ರಿ? ನಾವು ಮದ್ವೆ ಮಾಡಿದ್ದು ಮಗ್ಳಿಗಾ, ಇಲ್ಲ ಆ ತರ್ಮಾಕೋಲ್ ಅಕ್ಸರಕ್ಕಾ?” ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಪುಟ ತಿರುವಿ ನನ್ನ ಫೋಟೋಗಳನ್ನು ತೋರಿಸಿ, “ನೋಡಿ, ಉಣ್ಣೋರೆಲ್ಲ ಎಂಗ್ ಬಂದವ್ರೆ. ನಮ್ ಮಗು ಒಂದ್ ಬಿಟ್ಟು” ಎಂದರು. ರಂಗಪ್ಪನವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ನಾನು ಕೌಂಟರಿನ ಮೂಲೆಯಲ್ಲಿ ನೆಗೆಟಿವ್‌ಗಳನ್ನು ಕವರಿಗೆ ಹಾಕುತ್ತಿದ್ದೆ.

ಎರಡು ವಾರವಾದ ಮೇಲೆ ರಂಗಪ್ಪನವರು ನನ್ನನ್ನು ಕರೆದು ಕ್ಯಾಮೆರಾ ಚೀಲವನ್ನು ನನ್ನ ತೊಡೆಯ ಮೇಲಿಟ್ಟರು, ಎರಡು ಲೆನ್ಸಿನ ಸಮೇತ. “ನನ್ನ ಕಣ್ಣು ಮುಗೀತು ಕಣಯ್ಯಾ. ಇನ್ಮೇಲೆ ಸ್ಟೇಜು ನೀನೇ ನೋಡ್ಕೋ” ಎಂದರು. ಹೇಳಿ, ನನ್ನ ಮುಖವನ್ನೇ ನೋಡಿದರು. ಆಗ ನಾನು ಏನು ಹೇಳಿದೆ ಗೊತ್ತೆ? “ಹೌದು ಸಾರ್, ನೀವು ರೆಸ್ಟ್ ತಗೊಳ್ಳಿ” ಎಂದೆ. ಇದನ್ನು ಬರೆಯುವಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತಿದೆ.

ಆಮೇಲೆ ಸ್ಟೇಜುಗಳೆಲ್ಲ ನನ್ನವಾದವು. ಯಶವಂತಪುರದಿಂದ ಯಲಹಂಕದವರೆಗೆ ನಾನು ತೆಗೆಯದ ಛತ್ರವಿಲ್ಲ. ಸ್ಟುಡಿಯೋ ಝೆರಾಕ್ಸ್ ಅಂಗಡಿಯಾಯಿತು, ರಂಗಪ್ಪನವರು ಅಲ್ಲಿ ಕಾಗದ ಜೋಡಿಸುತ್ತ ಕೂತಿರುತ್ತಿದ್ದರು. ದಾರಿಯಲ್ಲಿ ಸಿಕ್ಕರೆ “ಬಾರಯ್ಯಾ ಮನೆ ಕಡೆ, ಕಾಫಿ ಕುಡ್ಕೊಂಡು ಹೋಗು” ಎನ್ನುತ್ತಿದ್ದರು. ಬರ್ತೀನಿ ಸಾರ್ ಎನ್ನುತ್ತಿದ್ದೆ. ಹನ್ನೊಂದು ವರ್ಷ ಹಾಗೇ ಅಂದೆ. ಅವರು ತೀರಿಕೊಂಡಾಗಲೂ ಒಂದು ಮದುವೆಯಿತ್ತು. ಸಂಜೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪಾರಿವಾಳಗಳು ಹಾರಿಹೋದ ಮೇಲೆ ಕೆಳಗೆ ಬಂದು ಅಂಗಿ ಹಾಕಿಕೊಂಡೆ. “ನಾನೂ ಬರ್ತೀನಿ, ಒಬ್ರೇ ಹೆಂಗ್ ಹೋಗ್ತೀರಾ?” ಎಂದಳು ಪದ್ಮಾ. ಬೇಡವೆಂದೆ. ನಮ್ಮ ಬಡಾವಣೆ ಸಿಂಗಾಪುರದ ಸ್ಟಾಪಿನಲ್ಲಿ ಬಂದ ಬಸ್ಸಿಗೆಲ್ಲ “ಗೊರಗುಂಟೆಪಾಳ್ಯ ಹೋಗುತ್ತಾ?” ಎಂದು ಕೇಳುತ್ತ ಹತ್ತಿ, ಅಲ್ಲಿಂದ ಮೆಟ್ರೋ ಹಿಡಿದು ದಾಸರಹಳ್ಳಿಯಲ್ಲಿ ಇಳಿದೆ. ರಂಗಪ್ಪನವರ ಹೆಂಡತಿ ಸರೋಜಮ್ಮ ಅಲ್ಲಿ ಮಗಳ ಮನೆಯಲ್ಲಿದ್ದಾರೆಂದು ಗೊತ್ತಿತ್ತು. ಫೋನ್ ನಂಬರೂ ಇಷ್ಟು ವರ್ಷ ನನ್ನ ಹತ್ತಿರವೇ ಇತ್ತು. ಮೊದಲ ಮಹಡಿಯ ಬಾಗಿಲಲ್ಲಿ ನಿಂತವರ ಬಿಳಿ ಕೂದಲು, ಹಸಿರು ಸೆರಗು ಕಂಡವು. ದನಿ ಹಿಂದಿನದೇ.

“ಬಾಪ್ಪಾ, ಕೂತ್ಕೋ. ಮಗಳು ಕೆಲಸಕ್ಕೆ ಹೋಗಿದ್ದಾಳೆ. ಕಾಫಿಗೆ ಸಕ್ಕರೆ ಹಾಕ್ಲಾ?”

“ಬೇಡಮ್ಮಾ.” ಲೋಟ ಕೈಗೆ ಬಂದ ಮೇಲೆ ಶುರುಮಾಡಿದೆ. “ಅಮ್ಮಾ, ಆ ಯಲಹಂಕದ ಮದುವೆ ಇತ್ತಲ್ಲ, ಅದರಲ್ಲಿ ಸಾರ್ ತಪ್ಪೇನೂ ಇರ್ಲಿಲ್ಲ. ನಾನು…”

“ಬೆರಳಿನ ವಿಷ್ಯಾನಾ?” ಎಂದರು ಸರೋಜಮ್ಮ.

ನಾನು ಲೋಟ ಕೆಳಗಿಟ್ಟೆ. ಅವರು ಬಹಳ ಹಿಂದಿನ ಸುದ್ದಿ ಹೇಳುವ ಹಾಗೆ ನಿಧಾನವಾಗಿ ಹೇಳಿದರು. “ಆಲ್ಬಮ್ ಗಲಾಟೆ ಆದ್ಮೇಲೆ ಮಗಳ ಕೈಲಿ ಆ ಪುಸ್ತಕ ಓದ್ಸಿದ್ರು. ಅವಳಾಗ ಪಿಯುಸಿ. ಬೆರಳು ಎತ್ತಬಾರದು ಅಂತ ಬರೆದಿರೋ ಸಾಲಿನ ಕೆಳಗೆ ನಿನ್ನ ಪೆನ್ಸಿಲ್ ಗೆರೆ ಇತ್ತಂತೆ. ಎರಡು ಸಲ ಓದ್ಸಿದ್ರು. ಆಮೇಲೆ ನನ್ನನ್ನೂ ಮಗಳನ್ನೂ ಹಿತ್ತಲಲ್ಲಿ ನಿಲ್ಲಿಸಿ ಬೆರಳು ಎತ್ತದೆ ಒಂದು ಫೋಟೋ ತೆಗೆದ್ರು.”

“ಹಾಗಿದ್ರೆ ಕಣ್ಣು ಮುಗೀತು ಅಂದ್ರಲ್ಲಮ್ಮಾ ನನ್ನ ಹತ್ರ?”

“ಹಂಗಂದ್ರಾದ್ರೂ ನೀನು ಬಾಯಿ ಬಿಡ್ತೀಯಾ ಅಂತ ನೋಡಿದ್ರು. ನೀನು ‘ರೆಸ್ಟ್ ತಗೊಳ್ಳಿ’ ಅಂದೆ. ಮನೆಗ್ ಬಂದು, ‘ಅವನಿಗೆ ಸ್ಟೇಜ್ ಬೇಕಿತ್ತು ಸರೋಜಾ, ಕೇಳಿದ್ರೆ ಕೊಡ್ತಿದ್ದೆ’ ಅಂದ್ರು. ಅಷ್ಟೇ. ಮತ್ತೆ ಕ್ಯಾಮೆರಾ ಮುಟ್ಲಿಲ್ಲ.” ನಾನು ಇಟ್ಟ ಲೋಟವನ್ನು ಹತ್ತಿರಕ್ಕೆ ಸರಿಸಿ ಸೇರಿಸಿದರು. “ಕಾಫಿಗೆ ಬಾ ಅಂತ ಕರೀತಿದ್ದದ್ದು ಅದಕ್ಕೇನಪ್ಪಾ. ನೀನು ಬರ್ಲೇ ಇಲ್ಲ.”

ಕ್ಷಮಿಸಿ ಎನ್ನಬೇಕೆಂದೇ ಬಂದಿದ್ದೆ. ಕ್ಷಮಿಸಬೇಕಾದವರು ಹನ್ನೊಂದು ವರ್ಷ ಬಾಗಿಲು ತೆರೆದಿಟ್ಟು ಕಾದು ಹೋಗಿದ್ದರು. ಅವರ ಬದಲಿಗೆ ಇನ್ನೊಬ್ಬರ ಹತ್ತಿರ ಕೇಳಿ ಹಗುರಾಗಲು ನನಗೆ ಧೈರ್ಯ ಬರಲಿಲ್ಲ. ಸರೋಜಮ್ಮ ಒಳಗೆ ಹೋಗಿ ಒಂದು ಫೋಟೋ ತಂದು ನನ್ನ ಕೈಯಲ್ಲಿಟ್ಟರು. “ಇದೇ ನೋಡು. ಎಷ್ಟು ಚೆನ್ನಾಗಿ ಬಂದಿದೆ. ನನ್ನ ಮೂಗುಬೊಟ್ಟಿನ ಹರಳೂ ಕಾಣುತ್ತೆ.”

ಫೋಟೋವನ್ನು ಮುಖದ ಎದುರು ಹಿಡಿದೆ. ಒಂದು ಅಂಚಿನಲ್ಲಿ ಬಟ್ಟೆ ಒಗೆಯುವ ಕಲ್ಲು, ಇನ್ನೊಂದು ಅಂಚಿನಲ್ಲಿ ಹಿತ್ತಾಳೆ ಕೊಳಗ. ನಡುವೆ ಇರಬೇಕಾದ ತಾಯಿ ಮಗಳು ಇರಲಿಲ್ಲ. ಅವರು ತೆಗೆದ ಕೊನೆಯ ಫೋಟೋ ಅದು. ಕತ್ತು ತಿರುಗಿಸಿ, ಕಾಗದವನ್ನು ಓರೆ ಮಾಡಿ, ಎಡದಿಂದ ಬಲದಿಂದ ಹುಡುಕಿದೆ.

“ಯಾಕಪ್ಪಾ ಹಂಗೆ ಓರೆಯಾಗಿ ನೋಡ್ತೀಯಾ? ನಿನ್ನ ಕಣ್ಣು ಚೆನ್ನಾಗಿದೆ ತಾನೆ?”

“ಚೆನ್ನಾಗಿದೆ ಅಮ್ಮಾ” ಎಂದೆ.

ಕಣ್ಣು ಹೋಯಿತು ಎಂದು ಆ ಮನೆಯಲ್ಲಿ ಹೇಳುವ ಹಕ್ಕು ನನಗಿರಲಿಲ್ಲ. ಕಣ್ಣಿದ್ದ ರಂಗಪ್ಪನವರು ಆ ಮಾತನ್ನು ನನಗಾಗಿ ಸುಳ್ಳೇ ಆಡಿಬಿಟ್ಟಿದ್ದರು. ಫೋಟೋವನ್ನು ಅವರ ಕೈಗೆ ಕೊಟ್ಟು, ಚಪ್ಪಲಿಯನ್ನು ಕಾಲಿನಿಂದ ತಡಕಿ ಹಾಕಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದೆ.