ಸೂರಕ್ಕಿಯ ಗೂಡು ಮತ್ತು ನನ್ನ ಬೆರಕೆ ಪ್ರಾರ್ಥನೆ

ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕನ್ನಡ ಕಲಿಸಿದ ನನಗೆ ಕನ್ನಡದಲ್ಲಿ ಪ್ರಾರ್ಥನೆ ಮಾಡಲು ಬರುವುದಿಲ್ಲ. ಇದನ್ನು ಇಷ್ಟು ದಿನ ನನ್ನ ಯಜಮಾನರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇಟ್ಟುಕೊಳ್ಳಿ.

ತಪ್ಪು ತಿಳಿಯಬೇಡಿ. ಮನಸ್ಸಿನಲ್ಲಿ ದಿನವೂ ಪ್ರಾರ್ಥಿಸುತ್ತೇನೆ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಮಾಡುವುದೇ ಕಷ್ಟ. ಅದಕ್ಕೆ ಕಾರಣ ನಮ್ಮ ಮನೆತನ. ಅಪ್ಪ ಬಂಗಾರಪೇಟೆ ಕಡೆಯ ಕನ್ನಡದವರು, ಅಮ್ಮ ಚಿನ್ನದ ಗಣಿ ಕಾರ್ಮಿಕರ ಊರಿಗಾಂ ಲೈನ್ ಮನೆಯಲ್ಲಿ ಹುಟ್ಟಿದ ತಮಿಳಿನವಳು, ನನ್ನನ್ನು ಎತ್ತಿ ಆಡಿಸಿದ ಅಜ್ಜಿ ತೆಲುಗಿನವಳು. ಹೀಗಾಗಿ ನನಗೆ ಸಿಟ್ಟು ತೆಲುಗಿನಲ್ಲಿ ಬರುತ್ತದೆ, ಅಳು ತಮಿಳಿನಲ್ಲಿ ಬರುತ್ತದೆ, ಶುದ್ಧ ಕನ್ನಡ ಬರುವುದು ಸಂಬಳ ಬರುವ ಕಡೆ ಮಾತ್ರ. ಪ್ರಾರ್ಥನೆ ಶುರುಮಾಡಿದ ಎರಡನೇ ನಿಮಿಷಕ್ಕೆ ಮೂರೂ ಒಟ್ಟಿಗೆ ನುಗ್ಗುತ್ತವೆ. ಮಕ್ಕಳು ಹಾಗೆ ಬೆರೆಸಿ ಬರೆದಾಗಲೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದವಳೂ ನಾನೇ.

ನಮ್ಮ ಚರ್ಚಿನ ಕನ್ನಡ ಆರಾಧನೆಯಲ್ಲಂತೂ ಪ್ರಾರ್ಥನೆಗೆಂದೇ ಬೇರೊಂದು ಕನ್ನಡವಿದೆ. ಆಂಡರ್ಸನ್‌ಪೇಟೆಯ ಅಂಗಡಿಗಳಲ್ಲಿ ಬದನೆಕಾಯಿಗೆ ಮೂರು ಭಾಷೆಯಲ್ಲಿ ಚೌಕಾಸಿ ಮಾಡುವವರು ದೇವರ ಮುಂದೆ ನಿಂತ ಕೂಡಲೇ ‘ಕೃಪಾಪೂರ್ಣನಾದ ತಂದೆಯೇ, ದೀನರಾದ ನಾವು’ ಎಂದು ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ ಉಟ್ಟವರಂತೆ ಮಾತಾಡುತ್ತಾರೆ. ಕೇಳಲು ಚೆಂದ. ಬಾಲ್ಯದಿಂದ ಅದನ್ನೇ ಕೇಳಿ ಕೇಳಿ, ದೇವರು ಹಳೆಯ ಕಾಲದ ಕನ್ನಡ ಪಂಡಿತನಿರಬೇಕು, ನನ್ನ ಬೆರಕೆ ಮಾತಿಗೆ ಆತನೂ ಅಂಕ ಕಳೆಯುತ್ತಾನೆ ಎಂಬ ಭಯ ನನ್ನೊಳಗೆ ಗಟ್ಟಿಯಾಗಿ ಕೂತುಬಿಟ್ಟಿತ್ತು.

ವರ್ಷಕ್ಕೊಮ್ಮೆ ನಮ್ಮಲ್ಲಿ ಮಹಿಳಾ ಭಾನುವಾರ ಬರುತ್ತದೆ. ಅಂದು ಆರಾಧನೆ ಪೂರ್ತಿ ಹೆಂಗಸರದ್ದೇ. ಈ ಸಲ ಒಂದೂವರೆ ತಿಂಗಳು ಮುಂಚೆಯೇ ಅಯ್ಯನವರು, ಅಂದರೆ ನಮ್ಮ ಪಾಸ್ಟರು, ಕಾಯಿಲೆಯವರಿಗಾಗಿ ಮಾಡುವ ಪ್ರಾರ್ಥನೆಯನ್ನು ನನಗೆ ಒಪ್ಪಿಸಿದರು. ಕನ್ನಡ ಟೀಚರೇ ಇರುವಾಗ ನಮಗೇನು ಚಿಂತೆ ಎಂದರು. ಚಿಂತೆಯೆಲ್ಲ ಟೀಚರಿಗೇ ಇತ್ತು. ಹೊರಗೆ ಬಂದರೆ ರೋಸಮ್ಮ ನನ್ನ ಕೈ ಹಿಡಿದುಕೊಂಡಳು. ಗಣಿಯಲ್ಲಿ ದುಡಿದ ಅವಳ ಗಂಡ ದೊರೈ ಎದೆ ಕಟ್ಟಿ, ಉಸಿರಿಗೆ ಒದ್ದಾಡುತ್ತಾ ಮಲಗಿ ವರ್ಷವಾಗಿತ್ತು. ಅವರ ಹೆಸರನ್ನು ಮರೆಯದೆ ಸೇರಿಸಬೇಕೆಂದು ಬೇಡಿಕೊಂಡಳು. ಈಗ ತಪ್ಪಿಸಿಕೊಳ್ಳುವ ದಾರಿಯೂ ಮುಚ್ಚಿತು.

ಬರೆಯತೊಡಗಿದೆ. ಬರೆದೆ, ಹರಿದೆ, ಮತ್ತೆ ಬರೆದೆ. ಹರಿದ ಚೂರುಗಳೆಲ್ಲ ಹಿತ್ತಲಿನ ಕಸದ ಗುಡ್ಡೆ ಸೇರಿದವು. ಅಂಥ ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದಾಗ ಕರಿಬೇವಿನ ಗಿಡದ ಪಕ್ಕದ ತಂತಿಗೆ ಏನೋ ಕೊಳಕು ನೇತಾಡುತ್ತಿತ್ತು. ಜೇಡರ ಬಲೆ, ಒಣಗಿದ ಎಲೆ, ದಾರದ ತುಂಡು, ಕೂದಲು. ಪ್ರಾರ್ಥನೆಯ ಮೇಲಿನ ಸಿಟ್ಟೆಲ್ಲ ಅದರ ಮೇಲೆ ತಿರುಗಿ, ಕೋಲು ಎತ್ತಿದೆ.

ಬೇತಮಂಗಲದ ಕಡೆಯಿಂದ ದಿನಾ ಹಾಲು ತರುವ ಮುನಿಯಮ್ಮ ಕ್ಯಾನನ್ನು ಕೆಳಗಿಟ್ಟು ಓಡಿಬಂದು ಕೋಲು ಹಿಡಿದುಕೊಂಡಳು.

“ಕಸ ಅಲ್ಲ ಕಣಕ್ಕ, ಗೂಡು. ಕಂಡೋರು ಕಸ ಅಂದ್ಕೊಂಡು ಓಗ್ಲಿ ಅಂತ್ಲೇ ಅಂಗೆ ಕಟ್ಟೈತೆ. ಒಳೀಕೆ ನೋಡು, ಎಷ್ಟು ಮೆತ್ತಗೈತೆ.”

ಇಣುಕಿದೆ. ಪಕ್ಕದಲ್ಲೊಂದು ಬಾಗಿಲು, ಬಾಗಿಲಿಗೆ ಪುಟ್ಟ ಮಾಡು, ಒಳಗೆ ಎಕ್ಕದ ಹತ್ತಿಯ ಹಾಸಿಗೆ. ಹೂವಿನ ಮಕರಂದ ಹೀರುವ ಸೂರಕ್ಕಿಯ ಮನೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಹೆಣ್ಣು ಹಕ್ಕಿ ಹೊತ್ತು ತಂದು ಕಟ್ಟುತ್ತಿತ್ತು. ಗಂಡು ಎದುರು ತಂತಿಯ ಮೇಲೆ ನೀಲಿಯಾಗಿ ಮಿಂಚುತ್ತಾ ಹಾಡುತ್ತಿತ್ತು. ಸಂಸಾರಸ್ಥೆಯಾದ ನನಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ. ಆಶ್ಚರ್ಯವಾದದ್ದು ಗೂಡಿನ ಗೋಡೆಗೆ ಅಂಟಿಸಿದ್ದ ಕಾಗದದ ಚೂರನ್ನು ಕಂಡು. ಅದರ ಮೇಲೆ ನನ್ನ ಅಕ್ಷರದಲ್ಲಿ ‘ದೀನರಾದ’ ಎಂದಿತ್ತು. ನನ್ನ ಪ್ರಾರ್ಥನೆ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಬರೆಯುವುದು ಕಡಿಮೆಯಾಗಿ ನೋಡುವುದು ಹೆಚ್ಚಾಯಿತು. ದೇವರು ಗುಬ್ಬಿಗಳನ್ನೂ ಮರೆಯುವುದಿಲ್ಲ ಎಂಬ ಪ್ರಸಂಗವನ್ನು ಎಷ್ಟು ಸಲ ಕೇಳಿದ್ದೇನೋ. ಹಕ್ಕಿಗಳಿಗೆ ಕಾಳು ಸಿಗುವ ವಿಷಯ ಅದು ಎಂದಷ್ಟೇ ತಿಳಿದಿದ್ದೆ. ಅವುಗಳ ಕೈಕೆಲಸವೂ ಆತನಿಗೆ ಒಪ್ಪಿಗೆಯೇ ಎಂದು ಯೋಚಿಸಿರಲಿಲ್ಲ. ಒಂದೇ ಬಗೆಯ ನಾರು ತಂದರೆ ಮಾತ್ರ ಮೊಟ್ಟೆ ಕೊಡುತ್ತೇನೆ ಎಂದು ಆತ ಈ ಹಕ್ಕಿಗೆ ಷರತ್ತು ಹಾಕಲಿಲ್ಲ. ಎದುರುಮನೆಯ ದಾರ, ಪಕ್ಕದ ಮನೆಯ ಕೂದಲು, ನನ್ನ ಕಾಗದ, ಸಿಕ್ಕಿದ್ದರಲ್ಲಿ ಕಟ್ಟಿತು, ಅದು ಗಟ್ಟಿಯಾಗಿ ನಿಂತಿತು. ಹಾಗಿದ್ದರೆ ಅಜ್ಜಿಯ ತೆಲುಗು, ಅಮ್ಮನ ತಮಿಳು, ಅಪ್ಪನ ಕನ್ನಡ ಸೇರಿಸಿ ನನ್ನನ್ನು ಕಟ್ಟಿದವನು ಯಾರು? ಆತನೇ ಕಟ್ಟಿದ್ದಕ್ಕೆ ನಾನು ಐವತ್ತು ವರ್ಷ ಕೆಂಪು ಗೆರೆ ಎಳೆಯುತ್ತಾ ಬಂದಿದ್ದೆ. ನಾಚಿಕೆಯಾಯಿತು. ಆಮೇಲೆ ತುಂಬ ಹಗುರವಾಯಿತು.

ಆದರೂ ಹೆದರಿಕೆ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಮಹಿಳಾ ಭಾನುವಾರದ ಹಿಂದಿನ ದಿನ ಗೂಡಿನ ಬಾಗಿಲಲ್ಲಿ ಮರಿಗಳ ಎರಡು ಕೊಕ್ಕುಗಳನ್ನು ಕಂಡು ಕುಣಿದಾಡಿದವಳೇ ಮರುದಿನ ಕಾಗದ ಹಿಡಿದು ಚರ್ಚಿಗೆ ಹೋದೆ. ಓದತೊಡಗಿದೆ. ‘ಶ್ವಾಸಾವರೋಧದಿಂದ ಬಾಧಿತರಾದ ನಮ್ಮ ಸಹೋದರರು’ ಎಂಬಲ್ಲಿಗೆ ಬಂದೆ. ಕಣ್ಣೆತ್ತಿದರೆ ಮೂರನೇ ಬೆಂಚಿನಲ್ಲಿ ರೋಸಮ್ಮ, ಗಂಡನ ಹೆಸರು ಈಗ ಬಂದೀತು, ಈಗ ಬಂದೀತು ಎಂದು ಸೆರಗು ಬಿಗಿಹಿಡಿದು ಕಾಯುತ್ತಿದ್ದಳು. ಆ ಮಾತು ತನ್ನ ಗಂಡನ ಬಗ್ಗೆಯೇ ಎಂದು ಅವಳಿಗೆ ಗೊತ್ತೇ ಆಗಿರಲಿಲ್ಲ. ಕಾಗದ ಮಡಚಿದೆ.

“ಆಂಡವರೇ, ನಮ್ಮ ದೊರೈ ಅಣ್ಣಂಗೆ ಮೂಚ್ಚೇ ಬರ್ತಾ ಇಲ್ಲ. ಆಯಪ್ಪ ಭೂಮಿ ಒಳಗೇ ಅರ್ಧ ಉಸಿರು ಬಿಟ್ಟು ಬಂದವ್ರು. ಕರುಣಿಂಚು ತಂಡ್ರೀ.”

ಉಸಿರಿಗೆ ಅಮ್ಮನ ಮೂಚ್ಚು, ತಂದೆಗೆ ಅಜ್ಜಿಯ ತಂಡ್ರಿ, ಎಲ್ಲ ಬಂದರು. ಕಾಯಿಲೆಯವರನ್ನೆಲ್ಲ ಹೆಸರು ಹೆಸರಾಗಿ ಕರೆದೆ, ಅಳು ಬಂದರೂ ನಿಲ್ಲಿಸಲಿಲ್ಲ. ಮುಗಿದಾಗ ಹಿಂದಿನ ಬೆಂಚಿನಿಂದ ಎದ್ದ ಆಮೆನ್ ಮುಂದಿನ ಬೆಂಚಿನವರೆಗೂ ಗುಡುಗಿಕೊಂಡು ಬಂತು. ಹೊರಗೆ ಹಿರಿಯರೊಬ್ಬರು ಭಾಷೆ ಸ್ವಲ್ಪ ಬೆರೆಯಿತಲ್ಲ ಟೀಚರ್ ಎಂದರು. ನಾನಿರುವುದೇ ಹಾಗೆ ಎಂದು ನಕ್ಕು, ತಲೆಯೆತ್ತಿ ಮೆಟ್ಟಿಲಿಳಿದೆ.

ಕೆಳಗೆ ರೋಸಮ್ಮ ನಿಂತಿದ್ದಳು. ಮನೆಗೆ ಯಾರು ಪ್ರಾರ್ಥನೆಗೆ ಬಂದರೂ ನಮ್ಮ ಯಜಮಾನರು ಗೋಡೆ ಕಡೆ ತಿರುಗಿಬಿಡುತ್ತಾರೆ, ಆದರೂ ಒಂದು ಸಲ ಬನ್ನಿ ಎಂದಳು. ನಾನು ಹೋದಾಗಲೂ ದೊರೈ ಅಣ್ಣ ಗೋಡೆಗೇ ಮುಖ ಮಾಡಿ ಮಲಗಿದ್ದರು. ಸ್ಟೂಲಿನ ಮೇಲೆ ಕುಳಿತು, ಬಾಯಿಗೆ ಬಂದ ಹಾಗೆ, ಬಂದ ಭಾಷೆಯಲ್ಲಿ ಪ್ರಾರ್ಥಿಸಿ ಆಮೆನ್ ಎಂದೆ. ಆಮೇಲೆ ಮಂಚ ಕಿರುಗುಟ್ಟಿತು. ಅವರು ನಿಧಾನವಾಗಿ ಈ ಕಡೆ ಹೊರಳಿ ನನ್ನ ಮುಖ ನೋಡಿದರು.

“ಇನ್ನೊಂದ್ಸಲ ಮಾಡಮ್ಮಾ.”

ಇಪ್ಪತ್ತೊಂಬತ್ತು ವರ್ಷ ಅಷ್ಟು ಶುದ್ಧವಾದ ಕನ್ನಡದಲ್ಲಿ ಪಾಠ ಮಾಡಿದ್ದೇನೆ. ಇನ್ನೊಂದು ಸಲ ಮಾಡಿ ಎಂದು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ.