ರವದಿಯ ಕೆಳಗೆ ಚಳಿಗಾಲ

ನಾನು ಬೀಳಗಿ ತಾಲ್ಲೂಕಿನಲ್ಲಿ ತೋಟಗಾರಿಕೆ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಬಸಪ್ಪ ಎಂಬ ರೈತನ ಎರಡು ಎಕರೆ ಪೇರಲ ತೋಟ. ಸುತ್ತೆಲ್ಲ ಕಬ್ಬು, ಕಬ್ಬು ಬಿಟ್ಟು ಹಣ್ಣು ಹಚ್ಚಿದವನೆಂದು ನನಗೆ ಅವನ ಮೇಲೆ ತುಸು ಹೆಚ್ಚೇ ಅಭಿಮಾನ. ಆದರೆ ಹಣ್ಣುನೊಣ ಅವನ ಬೆನ್ನು ಹತ್ತಿತ್ತು. ಮೇಲೆ ನೋಡಿದರೆ ಛಲೋ ಹಣ್ಣು, ಸೀಳಿದರೆ ಒಳಗೆ ಬಿಳಿ ಹುಳ. ಇನ್ನೊಂದು ವರ್ಷ ಹೀಗೇ ಆದರೆ ತೋಟ ಕಿತ್ತೇ ಬಿಡುತ್ತೇನೆ ಎಂದಿದ್ದ.

ಈ ನೊಣ ಹಣ್ಣಿನ ಸಿಪ್ಪೆಯೊಳಗೆ ಮೊಟ್ಟೆ ಇಡುತ್ತದೆ. ಹುಳ ಬೆಳೆದು, ಮಣ್ಣಿಗಿಳಿದು, ಕೋಶ ಕಟ್ಟಿಕೊಳ್ಳುತ್ತದೆ. ಚಳಿಯಲ್ಲಿ ಕೋಶ ನಿಧಾನಿಸುತ್ತದೆ. ಬಿಸಿಲೇರಿದ ಕೂಡಲೇ ನೊಣವಾಗಿ ಹೊರಬೀಳುತ್ತದೆ. ಚಳಿಗಾಲದಲ್ಲಿ ಅದು ಅಡಗುವ ಜಾಗ ಹಿಡಿದರೆ ಅರ್ಧ ಕೆಲಸ ಮುಗಿದಂತೆ. ಉದುರಿದ ಹಣ್ಣನ್ನೆಲ್ಲ ತೆಗ್ಗು ತೋಡಿ ಅದರಲ್ಲಿ ಹಾಕಿ ಮುಚ್ಚಲು ಬಸಪ್ಪನಿಗೆ ಹೇಳಿದ್ದೆ, ನೊಣ ಹಿಡಿಯುವ ಟ್ರ್ಯಾಪ್‌ಗಳನ್ನೂ ಕಟ್ಟಿಸಿದ್ದೆ.

ತೋಟದಾಚೆ ಮುಳುಗಡೆಯಾದ ಹಳೇ ಊರು. ದಿಬ್ಬದ ಮೇಲೆ ಒಂದೇ ಒಂದು ಪೇರಲ ಗಿಡ ಉಳಿದಿತ್ತು. ಕೀಳುವವರಿಲ್ಲದೆ ಹಣ್ಣು ಬುಡದಲ್ಲೇ ಕೊಳೆಯುತ್ತಿದ್ದವು. ಮೂರು ಸೀಳಿದೆ, ಮೂರರಲ್ಲೂ ಹುಳ. ಸಿಕ್ಕಿಬಿದ್ದೆ ಮಗನೇ ಅಂದುಕೊಂಡೆ.

ಗಿಡ ಬಸಪ್ಪನ ದೊಡ್ಡವ್ವ ಗಂಗವ್ವನದು. ಕಡಿಸಬೇಕೆಂದಾಗ ಆಕೆ ಹಿನ್ನೀರಿನ ಕಡೆ ಕೈ ಮಾಡಿದಳು.

"ನಮ್ಮ ಯಜಮಾನ್ರನ್ನ ಅಲ್ಲೇ ಮಣ್ಣ ಮಾಡೇವ್ರಿ. ಗೋರಿ ನೀರಾಗ ಹೋತು. ಬ್ಯಾಸಗ್ಯಾಗ ನೀರ ಇಳದ ಮ್ಯಾಲ ಆ ಗಿಡದಿಂದ ಹೊಳಿ ಕಡೆ ಇಪ್ಪತ್ತ ಹೆಜ್ಜಿ ಎಣಿಸಿ, ಎರಡ ಹೂವ ಇಟ್ಟ ಬರ್ತೀನ್ರಿ. ಅದೊಂದs ಗುರ್ತರಿ."

ಬಿದ್ದ ಹಣ್ಣು ಆರಿಸಿದರೆ ಸಾಲದೇ ಎಂದು ಬಸಪ್ಪ ಕೇಳಿದ. ದಿನಾ ಬಂದು ಯಾರು ಆರಿಸುತ್ತೀರಿ ಎಂದು ಗದರಿದೆ. ಎದುರು ಮಾತು ನನಗೆ ಆಗಿಬರುತ್ತಿರಲಿಲ್ಲ.

ಗಂಗವ್ವ ಕಡೆಗೆ ಕೇಳಿದ್ದು ಇಷ್ಟೇ: "ಕಡದ್ರ ಹುಡುಗನ ತ್ವಾಟ ಉಳೀತೈತೇನ್ರಿ?"

"ಉಳೀತೈತಿ ಅವ್ವಾರ. ನಾ ಹೇಳತೀನಿ."

ಮತ್ತೆ ಚಿಗುರಬಾರದೆಂದು ಬೊಡ್ಡೆಯನ್ನೂ ಜೆಸಿಬಿಯಿಂದ ಕೀಳಿಸಿ, ನೆಲ ಸಪಾಟು ಮಾಡಿಸಿದೆ.

ಶಿವರಾತ್ರಿ ಕಳೆದು ಬಿಸಿಲೇರಿತು. ಟ್ರ್ಯಾಪ್‌ಗಳು ಹೋದ ವರ್ಷದಂತೆಯೇ ನೊಣದಿಂದ ತುಂಬಿದವು. ಎಲ್ಲಕ್ಕಿಂತ ಹೆಚ್ಚು ತುಂಬಿದ್ದು ಹಳೇ ಊರಿನ ಕಡೆಯದಲ್ಲ, ತೋಟದ ಮೂಲೆಯಲ್ಲಿ ತೆಗ್ಗಿನ ಪಕ್ಕದ್ದು. ಹೋಗಿ ನೋಡಿದರೆ ತೆಗ್ಗಿನ ಮೇಲೆ ಮಣ್ಣೇ ಇಲ್ಲ. ಕಬ್ಬಿನ ಒಣ ಎಲೆ, ರವದಿ, ದಪ್ಪನಾಗಿ ಹಾಸಿತ್ತು. ಕೈ ಹಾಕಿದರೆ ಒಳಗೆ ಬೆಚ್ಚಗೆ. ಕೆಳಗಿನ ಸಡಿಲ ಮಣ್ಣಿನಲ್ಲಿ ಗೋಧಿ ಕಾಳಿನಂಥ ಕೋಶಗಳು, ಹಿಡಿ ಹಿಡಿಯಾಗಿ.

"ಇದೇನೋ ಬಸಪ್ಪಾ?"

"ನೀವs ಮುಚ್ಚಂದಿದ್ರಲ್ರಿ ಸಾಹೇಬ್ರ. ಮುಚ್ಚೇವಲ್ರಿ!"

ಅವನದೇನು ತಪ್ಪು? ಆ ಸೀಮೆಯಲ್ಲಿ ಅರಿಸಿನದ ಮಡಿಯಿಂದ ಗುಡಿಸಲಿನವರೆಗೆ ಮುಚ್ಚುವುದೆಂದರೆ ರವದಿಯಿಂದಲೇ. ಎರಡಡಿ ಮಣ್ಣು ಹಾಕಿ ತುಳಿಯಬೇಕೆಂದು ನಾನು ಹೇಳಿರಲಿಲ್ಲ. ಐವತ್ತು ಹೆಜ್ಜೆ ನಡೆದು ಆ ತೆಗ್ಗನ್ನು ನೋಡಿರಲೂ ಇಲ್ಲ. ಹಳೇ ಊರಿನ ಗಿಡಕ್ಕೆ ನೊಣ ಹೋದದ್ದೂ ಇಲ್ಲಿಂದಲೇ ಇರಬೇಕು. ಥೂ ನನ್ನ ಅಂದುಕೊಂಡೆ.

ಅಂದೇ ನಿಂತು ತೆಗ್ಗು ಅಗೆಸಿ, ಕೋಶ ಸುಡಿಸಿ, ಉಳಿದದ್ದನ್ನು ಆಳವಾಗಿ ಹುಗಿಸಿದೆ. ಮುಂದಿನ ಚಳಿಗಾಲದಲ್ಲಿ ಬಸಪ್ಪನಿಗೆ ಒಳ್ಳೆಯ ಹಣ್ಣು ಸಿಕ್ಕಿತು, ತೋಟ ಉಳಿಯಿತು. ಅದಿರಲಿ.

ತೆಗ್ಗು ಮುಚ್ಚಿದ ಮರುದಿನ ಗಂಗವ್ವನ ಮನೆಗೆ ಹೋಗಿ ನಡೆದದ್ದನ್ನು ಇದ್ದಂತೆ ಹೇಳಿದೆ. ಆಕೆ ಬಯ್ಯಲಿಲ್ಲ. ಸೆರಗಿನಲ್ಲಿ ಹೂ ಕಟ್ಟಿಕೊಂಡು "ಬರ್ರಿ" ಎಂದು ಹೊರಟಳು. ನೀರು ಇಳಿದಿತ್ತು. ಸಪಾಟಾದ ದಿಬ್ಬದ ಮೇಲೆ ಒಂದು ಕಡೆ ನಿಂತು ಇಪ್ಪತ್ತು ಹೆಜ್ಜೆ ಎಣಿಸಿದಳು. ತಿರುಗಿ ನೋಡಿ ತಲೆ ಅಲ್ಲಾಡಿಸಿದಳು. ಮತ್ತೆ ಬಂದು, ಇನ್ನೊಂದು ಕಡೆಯಿಂದ ಎಣಿಸಿದಳು.

ನನಗೆ ತಡೆಯಲಾಗಲಿಲ್ಲ. "ಅವ್ವಾರ, ನನ್ನದು ತಪ್ಪಾತ್ರಿ. ಇಲ್ಲಿ ಒಂದು ಕಲ್ಲರ ನಿಲ್ಲಿಸ್ತೀನ್ರಿ."

"ಎಲ್ಲಿ ನಿಲ್ಲಿಸ್ತೀರಿ ಸಾಹೇಬ್ರ," ಅಂದಳು, "ನೀವs ತೋರಸ್ರಿ."

ಉಳಿದ ದಿನಗಳಲ್ಲಿ ಯಾರ ತೋಟಕ್ಕೆ ಹೋದರೂ ಮೊದಲು ತೆಗ್ಗು ತೋರಿಸಿರಿ ಎನ್ನುತ್ತಿದ್ದೆ. ಬಾಗಿ ಒಳಗೆ ಕೈ ಹಾಕಿ ನೋಡುವವರೆಗೆ ಯಾವ ಗಿಡದ ಮಾತನ್ನೂ ಆಡುತ್ತಿರಲಿಲ್ಲ.