ಪಂಪ್‌ಹೌಸ್ ಗೋಡೆಯೂ ನನ್ನ ಫೋಟೋ ಚಟವೂ

ಕಳೆದ ಆಯುಧಪೂಜೆಯ ದಿನ ನಾನು ಒಂದಿಡೀ ಊರಿನ ಕುಡಿಯುವ ನೀರಿನ ಕೀಲಿಕೈಯನ್ನು ಫೇಸ್‌ಬುಕ್ಕಿಗೆ ಹಾಕಿದೆ. ಲೈಕುಗಳು ಧಾರಾಳವಾಗಿ ಬಂದವು. 'ಸೂಪರ್ ಸರ್' ಎಂದವರೂ ಇದ್ದರು.

ಯಾವ ಊರು ಎಂದು ಕೇಳಬೇಡಿ. ಹೊಸಪೇಟೆಯಿಂದ ಸ್ಕೂಟರಿನಲ್ಲಿ ಹೋಗಿಬರಬಹುದಾದ ಊರು, ಅಷ್ಟೇ. (ಒಮ್ಮೆ ಹೆಚ್ಚಿಗೆ ತೋರಿಸಿ ಬುದ್ಧಿ ಬಂದಿದೆ.)

ನನ್ನ ಇನ್ನೊಂದು ಚಟ ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ-ಮಿರ್ಚಿ ಮುಂದಿಟ್ಟುಕೊಂಡು ಜನ ರಾಶಿಫಲ ನೋಡುವಾಗ ನಾನು ಫೋನಿನಲ್ಲಿ ಸರ್ಕಾರಿ ಟೆಂಡರ್ ನೋಡುತ್ತೇನೆ. ನಾನೇನು ಗುತ್ತಿಗೆದಾರನಲ್ಲ. ನೀರು, ಕರೆಂಟು, ಆಸ್ಪತ್ರೆ ಎಲ್ಲವನ್ನೂ ಈಗ ಕಂಪ್ಯೂಟರೇ ನಡೆಸುತ್ತಿದೆಯಲ್ಲ, ಆ ಕಂಪ್ಯೂಟರಿಗೆ ಯಾರಾದರೂ ಕಾವಲು ಕೊಳ್ಳುತ್ತಿದ್ದಾರಾ ಎಂಬ ಕುತೂಹಲ. ಭಾಷಣದಲ್ಲಿ ಸೈಬರ್ ಸುರಕ್ಷತೆ ಎನ್ನುವುದು ಸುಲಭ. ಖರೀದಿ ಪಟ್ಟಿಗೆ ಬಂದರೆ ತಾನೇ ನಂಬುವುದು?

ವರ್ಷಗಟ್ಟಲೆ ನೋಡಿದೆ. ನಮ್ಮ ಕಡೆಯ ಪಂಪ್‌ಹೌಸುಗಳಿಗೆ ಕಾಂಪೌಂಡ್ ಬಂತು, ಗೇಟು ಬಂತು, ಸಿಸಿ ಕ್ಯಾಮೆರಾ ಬಂತು. ಸುಣ್ಣ-ಬಣ್ಣವಂತೂ ತಪ್ಪದೆ ಬಂತು. ಹೊರಗಿನವರನ್ನು ಕಂಪ್ಯೂಟರಿನೊಳಕ್ಕೆ ಬಿಡದ ಫೈರ್‌ವಾಲ್ ಮಾತ್ರ ಯಾವ ಪಟ್ಟಿಯಲ್ಲೂ ಕಾಣಲಿಲ್ಲ.

"ಮಂದಿ ಹೆಣ್ಣು ನೋಡಾಕ ಹೋದಂಗ ದಿನಾ ಟೆಂಡರ್ ನೋಡ್ತೀರಿ. ಒಂದಾರ ಕೂಡಿಬಂದೈತೇನು?" ಎನ್ನುತ್ತಾಳೆ ನನ್ನ ಹೆಂಡತಿ. ಇಂಥ ಪ್ರಶ್ನೆಗೆ ಉತ್ತರ ಕೊಟ್ಟು ಉದ್ಧಾರವಾದ ಗಂಡನುಂಟೇ?

ಇರಲಿ. ಆ ಊರಿನ ಪಂಪ್‌ಹೌಸಿನಲ್ಲಿ ಹುಲಿಗೆಮ್ಮ ಎಂಬ ಆಪರೇಟರ್ ಇದ್ದಾರೆ. ಗುತ್ತಿಗೆ ನೌಕರಿ. ಯಾವ ಓಣಿಗೆ ಎಷ್ಟು ಹೊತ್ತು ನೀರು, ಅದಕ್ಕೆಷ್ಟು ಕ್ಲೋರಿನ್ ಎಂಬುದೆಲ್ಲ ಅವರ ಮುಂದಿನ ಕಂಪ್ಯೂಟರಿನಲ್ಲಿ. ಪೂಜೆಯ ದಿನ ಫೋನ್ ಮಾಡಿ, "ಬರ್ರಿ ಸರ್, ಈ ಸಲ ಕಂಪ್ಯೂಟರ್‌ಗೂ ಪೂಜಿ ಮಾಡೀವ್ರಿ" ಎಂದರು.

ಹೋದೆ. ಮಾನಿಟರಿಗೆ ಚೆಂಡು ಹೂವಿನ ಹಾರ, ಮೌಸಿಗೆ ಕುಂಕುಮ, ಕೀಬೋರ್ಡಿನ ಮೇಲೊಂದು ನಿಂಬೆಹಣ್ಣು. ನೋಡಿ ಖುಷಿಯಾಯಿತು. ಫೋಟೋ ಹೊಡೆದೆ. 'ಕಂಪ್ಯೂಟರಿಗೆ ಕುಂಕುಮ ಬಂತು, ಕಾವಲು ಯಾವಾಗ?' ಎಂದು ಮೇಲೊಂದು ಸಾಲು ಬರೆದು ಹಾಕಿದೆ. ಸಾಲು ನನಗೇ ಭಾಳ ಹಿಡಿಸಿತ್ತು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಫೋನ್. ವಡ್ಡು ಗ್ರಾಮದ ಪೂರ್ಣಿಮಾ. ಅಲ್ಲೇ ಹತ್ತಿರದ ಉಕ್ಕಿನ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಕೆಲಸ. ಈ ಅಂಕಣ ಓದಿ ಆಗಾಗ ತಕರಾರು ತೆಗೆಯುವ ಹೆಣ್ಣುಮಗಳು.

"ಸರ್, ಮೊದ್ಲ ಆ ಫೋಟೋ ತಗೀರಿ. ಮಾತು ಆಮ್ಯಾಲೆ."

ತೆಗೆದೆ. ಯಾಕಮ್ಮಾ ಎಂದೆ.

"ನಿಮ್ಮ ಫೋನಿನ್ಯಾಗ ದೊಡ್ಡದು ಮಾಡಿ ನೋಡ್ರಿ. ಕಂಪ್ಯೂಟರ್ ಬ್ಯಾಡ. ಹಿಂದಿನ ಗ್ವಾಡಿ."

ನೋಡಿದೆ. ಪ್ರತಿ ಆಯುಧಪೂಜೆಗೆ ಆ ಗೋಡೆಗೆ ಸುಣ್ಣ ಹೊಡೆಯುತ್ತಾರೆ. ಹೊಡೆದ ಮೇಲೆ ಮೊದಲು ಅಲ್ಲಿದ್ದದ್ದನ್ನೆಲ್ಲ, ಒಂದೂ ಬಿಡದೆ, ಹೊಸದಾಗಿ ಬರೆಯುವುದು ಅಲ್ಲಿಯ ಪದ್ಧತಿ. ಮೇಲೆ ಶ್ರೀ. ಕೆಳಗೆ ಶುಭ, ಲಾಭ. ಅದರ ಕೆಳಗೆ ಪಾಳಿಯ ವೇಳೆ. ಅದರ ಕೆಳಗೆ, ಕೆಂಪು ಬಣ್ಣದಲ್ಲಿ, ಗುಂಡಗೆ, ಕಂಪ್ಯೂಟರಿನ ಯೂಸರ್ ನೇಮ್ ಮತ್ತು ಪಾಸ್‌ವರ್ಡ್!

ದೂರದಲ್ಲಿ ಕುಳಿತೇ ರಿಪೇರಿ ಮಾಡಲೆಂದು ಆ ಕಂಪ್ಯೂಟರಿಗೆ ಇಂಟರ್ನೆಟ್ ಬೇರೆ ಕೊಟ್ಟಿದ್ದರು. ಗೊತ್ತಿರುವ ಕಿಡಿಗೇಡಿ ಎಲ್ಲಿಂದಲಾದರೂ ನೀರು ನಿಲ್ಲಿಸಬಹುದಿತ್ತು. ಕ್ಲೋರಿನ್ ಹೆಚ್ಚಿಸಬಹುದಿತ್ತು.

"ಬೈಯಾಕ ಮಾಡಿಲ್ಲ ಸರ್. ಜಲ್ದಿ ಅವರಿಗೆ ಹೇಳಿ ನೆಟ್ ವೈರ್ ಕೀಳಸ್ರಿ. ಪಾಸ್‌ವರ್ಡ್ ಬದಲ್ ಮಾಡೋತನ ಹಚ್ಚಬ್ಯಾಡ್ರಿ" ಎಂದಳು ಪೂರ್ಣಿಮಾ.

ಹುಲಿಗೆಮ್ಮ ಪ್ರಸಾದ ಹಂಚುತ್ತಿದ್ದರು. ಫೋನಿನಲ್ಲಿ ಹೇಳಿದ್ದನ್ನು ಕೇಳಿ, ತಕ್ಷಣ ವೈರ್ ಕಿತ್ತರು. ನಾನು ಸ್ಕೂಟರ್ ಹತ್ತಿ ಮತ್ತೆ ಅಲ್ಲಿಗೆ ಹೋದಾಗ ಹಸಿ ಬಟ್ಟೆಯಿಂದ ಗೋಡೆ ಉಜ್ಜುತ್ತಿದ್ದರು. ಶುಭವೂ ಅರ್ಧ ಅಳಿಸಿಹೋಗಿತ್ತು.

"ನೀರಿಂದು ಚಿಂತಿ ಮಾಡಬ್ಯಾಡ್ರಿ ಸರ್. ಕಂಪ್ಯೂಟರ್ ಬರೂಕಿಂತ ಮೊದ್ಲ ನಾನಽ ಕೈಲೆ ವಾಲ್ವ್ ತಿರುವ್ತಿದ್ದೆ" ಎಂದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ಗ್ವಾಡಿ ಮ್ಯಾಲೆ ಬರದಾಕಿ ನಾನು. ನನ್ನ ಕೆಲಸದಾಗಿಂದ ತಗೀತಾರೇನ್ರಿ?"

ಜಂಬದ ಒಂದು ಸಾಲಿಗಾಗಿ ನಾನು ಪಣಕ್ಕಿಟ್ಟದ್ದು ಏನು ಎಂದು ಆಗ ಅರ್ಥವಾಯಿತು. ಭಾಳ ನಾಚಿಕೆಯಾಯಿತು. ಅಲ್ಲೇ ಕುಳಿತು ನೀರು ಸರಬರಾಜಿನ ಎಂಜಿನಿಯರಿಗೆ ಪತ್ರ ಬರೆದೆ: ಗೋಡೆಯನ್ನು ಆ ಕೋಣೆಯಲ್ಲಿದ್ದವರಷ್ಟೇ ನೋಡುತ್ತಿದ್ದರು, ಊರಿಗೆಲ್ಲ ತೋರಿಸಿದವನು ನಾನು, ಶಿಕ್ಷೆ ನನಗಿರಲಿ.

ಪತ್ರವನ್ನು ನಾನೇ ಕಚೇರಿಗೆ ಒಯ್ದು ಕೊಟ್ಟೆ. ಎಂಜಿನಿಯರ್ ಕೂಗಾಡುತ್ತಾರೆಂದುಕೊಂಡಿದ್ದೆ. ಅವರು ಪತ್ರವನ್ನು ಎರಡು ಸಲ ಓದಿ, "ಕುಂದ್ರಿ, ಚಾ ಕುಡೀರಿ" ಎಂದರು. "ಫೈರ್‌ವಾಲ್ ಬೇಕಂತ ಮೂರು ಸಲ ಫೈಲ್ ಕಳಿಸೀನಿ. ಇಲ್ಲೀತನ ಏನಾರ ಆಗೈತೇನು ಅಂತ ಕೇಳಿ ವಾಪಸ್ ಕಳಿಸಿದ್ರು. ಈಗ ಆತಲ್ರಿ. ನಿಮ್ಮ ಪತ್ರ ಹಚ್ಚಿ ಕಳಿಸ್ತೀನಿ."

ಆ ಫೈಲಿನಲ್ಲಿ ಹುಲಿಗೆಮ್ಮನ ಬಗ್ಗೆ ಅವರು ಬರೆದದ್ದು ಇಷ್ಟೇ: ಪಾಸ್‌ವರ್ಡ್ ಬದಲಾಗುವ ತನಕ ಎರಡು ದಿನ ಕೈಯಿಂದಲೇ ವಾಲ್ವ್ ತಿರುಗಿಸಿ, ಒಂದು ಓಣಿಗೂ ನೀರು ತಪ್ಪದಂತೆ ನೋಡಿಕೊಂಡರು. ಆಕೆ ಇವತ್ತಿಗೂ ಅದೇ ಕುರ್ಚಿಯಲ್ಲಿದ್ದಾರೆ.

ಅವತ್ತು ಯಾವ ಕಿಡಿಗೇಡಿಯ ಕಣ್ಣಿಗೂ ಆ ಗೋಡೆ ಬೀಳಲಿಲ್ಲ, ಪೂರ್ಣಿಮಾಳ ಕಣ್ಣಿಗೆ ಬಿತ್ತು. ಅದು ನನ್ನ ಪುಣ್ಯ. ಹಬ್ಬದ ದಿನ ಹೋಳಿಗೆ ಬಿಟ್ಟು ಗೋಡೆ ನೋಡಿದ ಆಕೆಗೆ, ಬೈಯದೆ ಚಾ ಕೊಟ್ಟ ಎಂಜಿನಿಯರಿಗೆ, ವಾಲ್ವ್ ತಿರುಗಿಸುವುದನ್ನು ಮರೆಯದ ಹುಲಿಗೆಮ್ಮನ ಕೈಗಳಿಗೆ ನಾನು ಋಣಿ. ಕಾವಲು ಎಂದು ಟೆಂಡರಿನಲ್ಲಿ ಹುಡುಕುತ್ತಿದ್ದೆನಲ್ಲ, ಅದು ಇವರೇ ಅಲ್ಲವೇ? (ಹಾಗೆಂದು ಫೈರ್‌ವಾಲ್ ಬೇಡ ಎಂದಲ್ಲ, ಮೇಲಿನವರು ತಪ್ಪು ತಿಳಿಯಬಾರದು.)

ಮೊನ್ನೆ ಬೆಳಿಗ್ಗೆ ಎಂದಿನಂತೆ ಟೆಂಡರ್ ತೆರೆದೆ. ಅದೇ ಪಂಪ್‌ಹೌಸ್! ಫೈರ್‌ವಾಲ್ ಇದೆ. ಬ್ಯಾಕಪ್ ಇದೆ. ಸಿಬ್ಬಂದಿಗೆ ಕನ್ನಡದಲ್ಲೇ ತರಬೇತಿ ಇದೆ. ಮಿರ್ಚಿ ತಣ್ಣಗಾದರೂ ಲೆಕ್ಕಿಸದೆ ಹೆಂಡತಿಗೆ ಕೂಗಿ ಹೇಳಿದೆ, "ಕೂಡಿಬಂತು!" ಪೂರ್ಣಿಮಾಗೆ ಫೋನ್ ಮಾಡಿದೆ. ಹುಲಿಗೆಮ್ಮನಿಗೂ ಮಾಡಿದೆ.

"ಭಾಳ ಚಲೋ ಆತ್ರಿ" ಎಂದರು ಹುಲಿಗೆಮ್ಮ. "ಈ ಸಲಾನೂ ಪೂಜಿಗೆ ಬರ್ರಿ ಸರ್. ಪಟ್ಟಿ ಮಾತ್ರ ಕಡೀತನ ಓದ್ರಿ."

ಓದಿದೆ. ಕೊನೆಯ ಸಾಲು: 'ಹೊರಗಿನಿಂದ ಬರುವವರ ಮೊಬೈಲ್ ಇಡಲು ಗೇಟಿನ ಬಳಿ ಬೀಗವಿರುವ ಪೆಟ್ಟಿಗೆ: ಒಂದು.'

ಇಷ್ಟು ವರ್ಷ ಟೆಂಡರ್ ಕಾದದ್ದಕ್ಕೆ ಸರ್ಕಾರ ನನ್ನೊಬ್ಬನಿಗಾಗಿಯೇ ಒಂದು ಐಟಂ ಹಾಕಿದೆ, ಇದಕ್ಕಿಂತ ದೊಡ್ಡ ಗೌರವ ಇನ್ನೇನು ಬೇಕು?